ಕ್ರಯಶುದ್ಧಿ: ಪರಸ್ಥಳದಲ್ಲಿ ಮನೆ ಕೊಳ್ಳುವವನ ವಿಷಯದಲ್ಲಿ ಧರ್ಮಶಾಸ್ತ್ರ, ಶಾಸನ ಹಾಗೂ ಮಂಜರಾಬಾದು ಸೀಮೆಯ ಸಾಕ್ಷ್ಯ

ಸ್ವಗ್ರಾಮದಲ್ಲಿ ಮನೆಯನ್ನು ಕ್ರಯಕ್ಕೆ ಕೊಳ್ಳುವವನಿಗೂ ಪರಸ್ಥಳದಲ್ಲಿ ಕೊಳ್ಳುವವನಿಗೂ ಇರುವ ಭೇದವು ಧನದ ಭೇದವಲ್ಲ, ಜ್ಞಾನದ ಭೇದ. ಮಾರುವವನ ತಂದೆ ಯಾರು, ಅಣ್ಣತಮ್ಮಂದಿರು ಪಾಲಾಗಿರುವರೋ ಇಲ್ಲವೋ, ಹಿತ್ತಿಲ ಬೇಲಿ ಎಲ್ಲಿಯವರೆಗೆ ಇತ್ತು, ಮನೆಯ ಮೇಲೆ ಸಾಲ ಉಂಟೇ ಎಂಬ ಸಂಗತಿಗಳು ಊರವನಿಗೆ ಕೇಳದೆಯೇ ತಿಳಿದಿರುತ್ತವೆ. ಹೊರಗಿನಿಂದ ಬಂದವನಾದರೋ ಇವುಗಳಲ್ಲಿ ಒಂದನ್ನೂ ಅರಿಯನು. ಈ ಅಜ್ಞಾನವನ್ನು ಯಾವ ಪ್ರಮಾಣದಿಂದ ನೀಗಬೇಕು ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. ಮೊದಲು ಮನುಷ್ಯರ ಬಾಯಿಮಾತು, ಬಳಿಕ ಕಲ್ಲು ಮತ್ತು ತಾಮ್ರ, ಕೊನೆಗೆ ಕಚೇರಿಯ ಕಾಗದ, ಹೀಗೆ ಸಾಕ್ಷ್ಯದ ಆಶ್ರಯವು ಬದಲಾಗುತ್ತ ಬಂದಿದೆ. ಈ ಪರಿವರ್ತನದಲ್ಲಿ ಗಳಿಸಿದುದೇನು, ಕಳೆದುದೇನು ಎಂಬುದನ್ನು ಸಕಲೇಶಪುರ, ಆಲೂರು ಮಲೆಗಳ ಸೀಮೆಯನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಶಾಸ್ತ್ರದ ವಿಧಿ

ಅಸ್ವಾಮಿವಿಕ್ರಯವೆಂಬುದು, ಎಂದರೆ ಒಡೆಯನಲ್ಲದವನು ಮಾಡುವ ಮಾರಾಟವು, ಸ್ಮೃತಿಕಾರರು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಒಂದು. ಪರರು ಮಾರಿದ ತನ್ನ ವಸ್ತುವನ್ನು ಒಡೆಯನು ಮರಳಿ ಪಡೆಯಬಹುದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಗುಟ್ಟಾಗಿ ಕೊಂಡವನು, ಆ ವಸ್ತುವನ್ನು ಹೊಂದಿರಲು ಸಂಭವವಿಲ್ಲದ ಹೀನನಿಂದ ಕೊಂಡವನು, ಅತ್ಯಲ್ಪ ಬೆಲೆಗೆ ಕೊಂಡವನು, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನು, ಇವರನ್ನು ಕಳ್ಳರೆಂದೇ ಎಣಿಸಬೇಕೆನ್ನುತ್ತದೆ. ಕೊಳ್ಳುವವನಿಗೆ ಎಚ್ಚರವು ಕೇವಲ ಸ್ವಹಿತದ ಮಾತಲ್ಲ, ಅದು ಅವನ ಕರ್ತವ್ಯವೆಂಬ ಭಾವನೆ ಇಲ್ಲಿ ಸ್ಪಷ್ಟವಾಗಿದೆ. ಅದೇ ಸ್ಮೃತಿಯು ಆಧಿ, ಪ್ರತಿಗ್ರಹ, ಕ್ರಯ ಈ ಮೂರರಲ್ಲಿ ಮೊದಲು ನಡೆದುದೇ ಬಲವತ್ತರವೆಂದು ಹೇಳುವುದರಿಂದ, ತನಗಿಂತ ಮುಂಚೆ ಆ ಮನೆಯನ್ನು ಅಡವು ಹಿಡಿದವರಾಗಲಿ ಕೊಂಡವರಾಗಲಿ ಉಂಟೋ ಎಂಬುದನ್ನು ಶೋಧಿಸುವ ಹೊಣೆಯೂ ಕೊಳ್ಳುವವನ ಮೇಲೆಯೇ ಬೀಳುತ್ತದೆ.

ಮನೆಯ ಕ್ರಯವಿಧಿಯನ್ನು ಅತ್ಯಂತ ವಿಶದವಾಗಿ ತಿಳಿಸುವ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಇದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ದೃಷ್ಟಿಗೆ ಬಿದ್ದು ೧೯೦೯ರಲ್ಲಿ ಮುದ್ರಿತವಾದುದು ಸುವಿದಿತವೇ ಆಗಿದೆ. ಅದರ ವಾಸ್ತುವಿಕ್ರಯ ಪ್ರಕರಣದ ಪ್ರಕಾರ ಜ್ಞಾತಿಗಳು, ನೆರೆಯವರು, ಸಾಲಕೊಟ್ಟವರು, ಇವರಿಗೆ ಈ ಕ್ರಮದಲ್ಲಿ ಕೊಳ್ಳುವ ಅವಕಾಶ ಮೊದಲು, ಹೊರಗಿನವರಿಗೆ ಅನಂತರ. ನೆರೆಯ ನಲವತ್ತು ಕುಲದವರ ಸಮಕ್ಷಮದಲ್ಲಿ ಮನೆಯ ಮುಂದೆ ನಿಂತು ಮಾರಾಟವನ್ನು ಸಾರಬೇಕು. ಎಲ್ಲೆಯನ್ನು ಇದ್ದುದು ಇದ್ದಂತೆ ಹೇಳಬೇಕು. ಈ ಬೆಲೆಗೆ ಕೊಳ್ಳುವವರು ಯಾರೆಂದು ಮೂರು ಬಾರಿ ಕೂಗಿದ ಮೇಲೆ ಯಾರೂ ಅಡ್ಡಿಪಡಿಸದಿದ್ದರೆ ಮಾತ್ರ ಕೊಳ್ಳುವವನಿಗೆ ಅದು ಲಭಿಸುತ್ತದೆ. ಸ್ಪರ್ಧೆಯಿಂದ ಏರಿದ ಬೆಲೆಯು ಶುಲ್ಕಸಮೇತ ರಾಜಕೋಶಕ್ಕೆ ಸಲ್ಲತಕ್ಕದ್ದು. ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ: ಪರಸ್ಥಳದವನಿಗೆ ಕೊಳ್ಳುವ ನಿಷೇಧವಿರಲಿಲ್ಲ, ಆದರೆ ಅವನ ಸರದಿ ಕಡೆಯದು, ಮತ್ತು ಆ ಸರದಿಯೂ ಬಹಿರಂಗ ಘೋಷಣೆಯ ಅನಂತರವೇ ಬರುವುದು.

ಇದಕ್ಕಿಂತಲೂ ಕನ್ನಡಿಗರಿಗೆ ಸಮೀಪವಾದ ಪ್ರಮಾಣವು ವಿಜ್ಞಾನೇಶ್ವರನ ಮಿತಾಕ್ಷರಾ. ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬) ಆಳುತ್ತಿದ್ದಾಗ ಕಲ್ಯಾಣದಲ್ಲಿ ಹುಟ್ಟಿದ ಈ ವ್ಯಾಖ್ಯಾನವು ಭಾರತದ ಬಹುಭಾಗಕ್ಕೆ ಶತಮಾನಗಳ ಕಾಲ ದಾಯವಿಭಾಗದ ಆಧಾರವಾಗಿ ನಿಂತಿತು. ಭೂಮಿಯು ಆರರಿಂದ ಹಸ್ತಾಂತರ ಹೊಂದುತ್ತದೆಂಬ ಪ್ರಾಚೀನೋಕ್ತಿಯೊಂದನ್ನು ವಿಜ್ಞಾನೇಶ್ವರನು ಎತ್ತಿಕೊಳ್ಳುತ್ತಾನೆ: ಗ್ರಾಮದ ಅನುಮತಿ, ಜ್ಞಾತಿಗಳ ಅನುಮತಿ, ಸಾಮಂತರ ಅನುಮತಿ, ದಾಯಾದರ ಅನುಮತಿ, ಹಿರಣ್ಯದಾನ, ಉದಕದಾನ. ಇಲ್ಲಿ ಸಾಮಂತನೆಂದರೆ ಅಧೀನ ರಾಜನಲ್ಲ, ಎಲ್ಲೆಗೆ ಹೊಂದಿದ ನೆರೆಯವನು. ಶಾಸನಗಳನ್ನು ಪಾಠ ಹೇಳುವವರು ಈ ಅರ್ಥಭೇದವನ್ನು ಗಮನಿಸುವುದು ಅವಶ್ಯ.

ಈ ಅನುಮತಿಗಳಿಲ್ಲದೆ ಕ್ರಯವೇ ಅಸಿದ್ಧವೆಂದೂ, ಆದುದರಿಂದ ಪೂರ್ವಕಾಲದಲ್ಲಿ ವ್ಯಕ್ತಿಗೆ ಭೂಸ್ವಾಮ್ಯವೇ ಇರಲಿಲ್ಲವೆಂದೂ ಕೆಲವರು ಊಹಿಸುವುದುಂಟು. ವಿಜ್ಞಾನೇಶ್ವರನ ವಿವರಣೆಯನ್ನು ಸಾವಧಾನವಾಗಿ ಓದಿದರೆ ಈ ಊಹೆ ನಿಲ್ಲುವುದಿಲ್ಲ. ಗ್ರಾಮದ ಅನುಮತಿಯು ವ್ಯವಹಾರದ ಪ್ರಕಾಶನಕ್ಕಾಗಿ ಬೇಕಾದುದೇ ಹೊರತು ಅದಿಲ್ಲದಿದ್ದರೆ ವ್ಯವಹಾರವು ಸಿದ್ಧಿಸುವುದಿಲ್ಲವೆಂದು ಅರ್ಥವಲ್ಲ. ಸಾಮಂತರ ಅನುಮತಿಯು ಎಲ್ಲೆಯ ವಿವಾದವನ್ನು ತಪ್ಪಿಸುವುದಕ್ಕೆ. ಜ್ಞಾತಿ, ದಾಯಾದರ ಅನುಮತಿಯು ಮಾರುವವನು ವಿಭಕ್ತನೋ ಅವಿಭಕ್ತನೋ ಎಂಬ ಸಂಶಯವನ್ನು ಕಳೆಯುವುದಕ್ಕೆ. ಇನ್ನು ಹಿರಣ್ಯ ಮತ್ತು ಉದಕ: ಸ್ಥಾವರದ ವಿಕ್ರಯವನ್ನು ನಿಷೇಧಿಸುವ ವಚನವೊಂದಿರುವುದರಿಂದ, ಮಾರುವಾಗಲೂ ಹೊನ್ನಿನೊಡನೆ ನೀರೆರೆದು ದಾನದ ರೂಪವನ್ನು ಅದಕ್ಕೆ ಕೊಡಬೇಕೆಂಬುದು ತಾತ್ಪರ್ಯ. ಹೀಗೆ ಆರರಲ್ಲಿ ನಾಲ್ಕು ಪ್ರಮಾಣಶೋಧನೆಯ ಅಂಗಗಳು. ಉಳಿದೆರಡು ವಿಧಿಯ ಅಂಗಗಳು. ಇಂದಿನ ನ್ಯಾಯವಾದಿಯು ಪತ್ರಗಳನ್ನು ಶೋಧಿಸುವಾಗ ಕೇಳುವ ಪ್ರಶ್ನೆಗಳನ್ನೇ ಕಲ್ಯಾಣದ ವ್ಯಾಖ್ಯಾನಕಾರನು ಒಂಬತ್ತು ಶತಮಾನಗಳ ಹಿಂದೆ ಕೇಳಿದ್ದನು. ವ್ಯತ್ಯಾಸವಿಷ್ಟೆ, ಆಗ ಉತ್ತರ ಕೊಡುತ್ತಿದ್ದವರು ಜೀವಂತ ಮನುಷ್ಯರು.

೨. ಶಾಸನಗಳ ಸಾಕ್ಷ್ಯ

ಶಾಸ್ತ್ರದಲ್ಲಿ ಹೇಳಿದುದೆಲ್ಲ ಲೋಕದಲ್ಲಿ ನಡೆಯಿತೆಂದು ಎಣಿಸಲಾಗದು. ಆದರೆ ಈ ವಿಷಯದಲ್ಲಿ ಶಾಸನಗಳು ಶಾಸ್ತ್ರವನ್ನು ಸಮರ್ಥಿಸುತ್ತವೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ೧೯೦೨ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಗಳನ್ನೂ ಇತರ ಸಂಪುಟಗಳನ್ನೂ ತಿರುವಿ ನೋಡುವವರಿಗೆ ಭೂಮಿಯ ಹಸ್ತಾಂತರವನ್ನು ಹೇಳುವ ಶಾಸನಗಳ ಒಂದು ನಿಯತವಾದ ಚೌಕಟ್ಟು ಕಾಣಿಸುತ್ತದೆ. ಸ್ತ್ರೀ, ಪುತ್ರ, ಜ್ಞಾತಿ, ಸಾಮಂತ, ದಾಯಾದರ ಅನುಮತಿಯ ಉಲ್ಲೇಖ, ಮಧ್ಯಸ್ಥರು ಆ ಕಾಲಕ್ಕೆ ಉಚಿತವೆಂದು ಗೊತ್ತುಮಾಡಿದ ಕ್ರಯದ್ರವ್ಯ, ಧಾರಾಪೂರ್ವಕವಾಗಿ ಕೊಟ್ಟೆವೆಂಬ ಮಾತು, ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳ ಎಣಿಕೆ, ನಾಲ್ಕು ದಿಕ್ಕಿನ ಎಲ್ಲೆಗಳು, ಸಾಕ್ಷಿಗಳು, ಬರೆದವನ ಹೆಸರು, ಕಡೆಯಲ್ಲಿ ಒಪ್ಪ. ಮಿತಾಕ್ಷರಾದಲ್ಲಿ ಕಂಡ ಮಾತುಗಳೇ ಇಲ್ಲಿ ಕಲ್ಲಿನ ಮೇಲೆ ಇಳಿದಿವೆ. ಅದಲ್ಲದೆ, ವ್ಯಾಖ್ಯಾನದ ಪಟ್ಟಿಯಲ್ಲಿ ಪ್ರತ್ಯೇಕವಾಗಿಲ್ಲದ ಸ್ತ್ರೀಯರ ಅನುಮತಿಯನ್ನು ಈ ಚೌಕಟ್ಟು ಮೊದಲಿಗೇ ಹೇಳುವುದು ಗಮನಾರ್ಹ.

ಕಲ್ಲನ್ನು ನೆಟ್ಟುದರಿಂದ ಪರಸ್ಥಳದವನಿಗೆ ಆದ ಉಪಕಾರವು ದೊಡ್ಡದು. ಸಾಕ್ಷಿ ಹೇಳಿದವರು ಸತ್ತ ಮೇಲೂ ಸಾಕ್ಷ್ಯವು ಉಳಿಯಿತು. ಆದರೂ ಕಲ್ಲು ತಾನಾಗಿ ಎಲ್ಲೆಯನ್ನು ತೋರಿಸದು. ಇಂಥ ಹಳ್ಳ, ಇಂಥ ಮರ, ಇಂಥ ಗುಂಡು ಎಂದು ಬರೆದಿದ್ದರೆ, ಆ ಹಳ್ಳ ಯಾವುದು, ಆ ಗುಂಡು ಯಾವುದು ಎಂದು ಬೆರಳೆತ್ತಿ ತೋರಿಸುವ ಮನುಷ್ಯನೊಬ್ಬನು ಬೇಕೇ ಬೇಕು. ಸಕಲೇಶಪುರದಿಂದ ಪಶ್ಚಿಮಕ್ಕೆ ದೋಣಿಗಲ್ಲಿನ ಕಡೆ ಹೋಗುವ ಗುಡ್ಡಗಳನ್ನು ಬಲ್ಲವರಿಗೆ ಇದರ ಅರ್ಥವು ಚೆನ್ನಾಗಿ ಆಗುವುದು. ಮಳೆಗಾಲದಲ್ಲಿ ಹೊಸ ಝರಿಗಳು ಹುಟ್ಟುವ, ಮಂಜಿನಲ್ಲಿ ಹತ್ತು ಮಾರು ಆಚೆಗೆ ಕಣ್ಣು ಹಾಯದ ನೆಲದಲ್ಲಿ ಎಲ್ಲೆಯೆಂಬುದು ನಡೆದು ಬಲ್ಲವರ ಕಾಲಿನಲ್ಲಿ ಇರತಕ್ಕ ವಿದ್ಯೆ.

೩. ಮಣ್ಣಿನ ಉಂಡೆಯನ್ನು ಹೊತ್ತವನು

ಎಲ್ಲೆಯ ವಿವಾದ ಬಂದರೆ ನಾಲ್ವರೋ ಎಂಟು ಮಂದಿಯೋ ಹತ್ತು ಮಂದಿಯೋ ನೆರೆಯವರು ಕೆಂಪು ಮಾಲೆ, ಕೆಂಪು ಬಟ್ಟೆಗಳನ್ನು ಧರಿಸಿ, ಮಣ್ಣನ್ನು ಹೊತ್ತು ಎಲ್ಲೆಯ ಮೇಲೆ ನಡೆಯಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ನೆರೆಯವರು ದೊರೆಯದ ಪಕ್ಷದಲ್ಲಿ ಬೇಡರು, ಹಕ್ಕಿ ಹಿಡಿಯುವವರು, ದನಗಾಹಿಗಳು, ಬೇರು ಅಗೆಯುವವರು, ಹಾವು ಹಿಡಿಯುವವರು ಮೊದಲಾದ ಕಾಡಿನಲ್ಲಿ ಸಂಚರಿಸುವ ಜನರನ್ನು ಕೇಳಬೇಕೆಂದು ಮನುಸ್ಮೃತಿಯು ಹೇಳುತ್ತದೆ. ವರ್ಣಭೇದವನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವ ಗ್ರಂಥವೇ ಎಲ್ಲೆಯ ವಿಷಯದಲ್ಲಿ ಭೂಮಿಯಿಲ್ಲದವರ ಮಾತಿಗೆ ತಲೆಬಾಗಬೇಕಾಯಿತು.

ಇದು ಗ್ರಂಥದ ಮಾತಾಗಿ ಮಾತ್ರ ಉಳಿಯಲಿಲ್ಲ. ಮೈಸೂರು ಕಮಿಷನ್ನಿನ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಜೆ. ಎಸ್. ಎಫ್. ಮೆಕೆಂಜಿಯವರು ೧೮೭೩ರಲ್ಲಿ ಇಂಡಿಯನ್ ಆಂಟಿಕ್ವೆರಿಯಲ್ಲಿ ಬರೆದ ಲೇಖನದಿಂದ, ಊರಿನ ಎಲ್ಲೆಯ ವಿವಾದದಲ್ಲಿ ತೀರ್ಮಾನ ಹೇಳುವ ಅಧಿಕಾರ ಕುಳವಾಡಿಗೆ ಇದ್ದುದು ತಿಳಿಯುತ್ತದೆ. ಊರ ಹೊರಗಿನ ಕೇರಿಯಲ್ಲಿ, ಅಸ್ಪೃಶ್ಯನೆಂದು ದೂರವಿಡಲ್ಪಟ್ಟಿದ್ದ ಆ ಕುಳವಾಡಿಯು ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಎಲ್ಲೆಯುದ್ದಕ್ಕೂ ನಡೆಯುತ್ತಿದ್ದನು. ಸರಿಯಾದ ಎಲ್ಲೆಯನ್ನು ಬಿಟ್ಟು ಕಾಲಿಟ್ಟರೆ ಉಂಡೆಯು ತಾನಾಗಿ ಒಡೆಯುವುದೆಂದೂ ಅವನಿಗೆ ಕೇಡಾಗುವುದೆಂದೂ ಜನರ ನಂಬಿಕೆ. ಸ್ಮೃತಿಯ ಕ್ಷಿತಿಧಾರಿಗೂ ಈ ಕುಳವಾಡಿಗೂ ಇರುವ ಸಾಮ್ಯವು ಅತಿ ಸ್ಪಷ್ಟವಾಗಿದೆ. ಸ್ಮೃತಿಯು ಲೋಕಾಚಾರವನ್ನು ನೋಡಿ ಬರೆಯಿತೋ, ಲೋಕಾಚಾರವು ಸ್ಮೃತಿಯನ್ನು ಅನುಸರಿಸಿತೋ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಪ್ರಸ್ತುತವಾದುದು ಇಷ್ಟು: ಯಾವನಿಗೆ ಅಂಗೈಯಗಲ ನೆಲವೂ ಸ್ವಂತದ್ದಾಗಿರಲಿಲ್ಲವೋ ಅವನ ನಡಿಗೆಯೇ ಇಡೀ ಊರಿನ ನೆಲಕ್ಕೆ ಪ್ರಮಾಣವಾಗಿತ್ತು. ಪರಸ್ಥಳದಿಂದ ಬಂದು ಕೊಂಡವನ ಹಕ್ಕು ಕಟ್ಟಕಡೆಗೆ ಈತನ ಸತ್ಯದ ಮೇಲೆ ನಿಂತಿತ್ತು. ಆದರೆ ಆ ಸತ್ಯಕ್ಕೆ ಪ್ರತಿಫಲವಾಗಿ ಆತನಿಗೆ ಭೂಮಿಯಲ್ಲಿ ಭಾಗವು ದೊರೆಯಲಿಲ್ಲ.

೪. ಮಂಜರಾಬಾದಿಗೆ ಬಂದ ಪರದೇಶಿಗಳು

ಈಗಿನ ಸಕಲೇಶಪುರ ತಾಲೂಕಿಗೆ ಹಿಂದೆ ಮಂಜರಾಬಾದು ಎಂಬ ಹೆಸರಿತ್ತು. ದೋಣಿಗಲ್ಲಿನ ಬಳಿಯ ಗುಡ್ಡದ ಮೇಲೆ ಟೀಪೂ ಸುಲ್ತಾನನು ೧೭೯೨ರ ಸುಮಾರಿಗೆ ಕಟ್ಟಿಸಿದ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯಿಂದ ಆ ಹೆಸರು ಬಂದಿತು. ಅದಕ್ಕೂ ಹಿಂದೆ ಇದು ಬಲಂ ಪಾಳೆಯಗಾರರ ನಾಡು. ಅವರಲ್ಲಿ ಕಡೆಯವನಾದ ವೆಂಕಟಾದ್ರಿ ನಾಯಕನು ೧೮೦೨ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೆ ಸೋತು ಗಲ್ಲಿಗೇರಿಸಲ್ಪಟ್ಟನು. ೧೮೩೧ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನ್ನಿನ ಕೈಸೇರಿತು. ೧೮೪೩ರಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತನು ಮಂಜರಾಬಾದಿನ ದಕ್ಷಿಣದಲ್ಲಿ ಕಾಫಿಯ ತೋಟವನ್ನು ಆರಂಭಿಸಿದನು. ಆತನ ಹಿಂದೆ ಇತರ ಐರೋಪ್ಯರು ಬಂದರು. ಅವರಲ್ಲಿ ರಾಬರ್ಟ್ ಎಲಿಯಟ್ ಎಂಬಾತನು ೧೮೭೧ರಲ್ಲಿಯೂ ೧೮೯೪ರಲ್ಲಿಯೂ ತನ್ನ ಮೈಸೂರಿನ ಅನುಭವಗಳನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ಪರದೇಶದಲ್ಲಿ ಮನೆ, ತೋಟ ಮಾಡಿಕೊಂಡವರ ಚರಿತ್ರೆಯು ಕನ್ನಡ ಮಲೆನಾಡಿನಲ್ಲಿ ಹೀಗೆ ವಿಪರೀತವಾದ ದಿಕ್ಕಿನಿಂದ ಆರಂಭವಾಗುತ್ತದೆ: ಕನ್ನಡಿಗನು ಹೊರಗೆ ಹೋದುದಲ್ಲ, ಹೊರಗಿನವನು ಇಲ್ಲಿಗೆ ಬಂದುದು.

ಈ ಪರದೇಶಿಗಳಿಗೆ ಕ್ರಯಶುದ್ಧಿಯ ತೊಡಕು ಬಹುಮಟ್ಟಿಗೆ ಇಲ್ಲದಂತಾಯಿತು. ಸರ್ಕಾರವೇ ಭೂಮಿಯನ್ನು ಕೊಟ್ಟಲ್ಲಿ ಕೊಡುವವನಿಗೆ ಸ್ವಾಮ್ಯವುಂಟೇ ಎಂಬ ಪ್ರಶ್ನೆಯನ್ನು ಕೇಳುವವರಿಲ್ಲ. ಬೆಳೆಯ ಮೇಲೆ ಹಾಲತ್ ಎಂಬ ಸುಂಕವನ್ನು ಸಲ್ಲಿಸಿದರೆ ಸಾಕಾಗಿತ್ತು. ಕಾಲಕ್ರಮದಲ್ಲಿ ಅದು ಹೋಗಿ ಎಕರೆಯ ಮೇಲೆ ಕಂದಾಯವು ಬಂದಿತು. ಆದರೆ ಕಾಡು ಬರಿದಾದ ನೆಲವಾಗಿರಲಿಲ್ಲ. ಮಲೆನಾಡಿನ ಕಾನುಗಳಲ್ಲಿ ಮೆಣಸು ಬಿಡಿಸುವುದು, ಬಗನಿ ಇಳಿಸುವುದು, ಗದ್ದೆಗೆ ಸೊಪ್ಪು ತರುವುದು, ದನ ಮೇಯಿಸುವುದು, ಇವು ತಲೆತಲಾಂತರದ ಬಳಕೆಯಿಂದ ಬಂದ ಹಕ್ಕುಗಳು. ಗ್ರಾಮದ ಅನುಮತಿಯನ್ನು ಕೇಳುವ ಪದ್ಧತಿ ಇದ್ದಿದ್ದರೆ ಅವು ಬಾಯಿಮಾತಿನಲ್ಲಿ ಹೊರಬೀಳುತ್ತಿದ್ದವು. ಸನ್ನದು ಒಂದೇ ಪ್ರಮಾಣವಾದಾಗ, ಅದರಲ್ಲಿ ಬರೆಯದ ಹಕ್ಕು ಇಲ್ಲದ ಹಕ್ಕಾಯಿತು.

೫. ಕಾಗದದ ಪ್ರಮಾಣ

ಇಂದು ನಡೆಯುತ್ತಿರುವ ವಿಧಿಯು ಮುಖ್ಯವಾಗಿ ಎರಡು ಕಾಯಿದೆಗಳ ಮೇಲೆ ನಿಂತಿದೆ: ೧೮೮೨ರ ಸ್ವತ್ತಿನ ಹಸ್ತಾಂತರ ಕಾಯಿದೆ, ೧೯೦೮ರ ನೋಂದಣಿ ಕಾಯಿದೆ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಾವರದ ಕ್ರಯವು ನೋಂದಣಿಯಿಲ್ಲದೆ ಸಿದ್ಧಿಸದು. ಮಾರುವವನು ತನ್ನ ಹಕ್ಕಿನಲ್ಲಿರುವ ಗೂಢದೋಷಗಳನ್ನು ತಿಳಿಸತಕ್ಕದ್ದು, ಪತ್ರಗಳನ್ನು ತೋರಿಸತಕ್ಕದ್ದು. ಒಂದೇ ಸ್ವತ್ತನ್ನು ಕುರಿತು ಹಲವು ಹಸ್ತಾಂತರಗಳಾದರೆ ಮೊದಲಿನದಕ್ಕೆ ಬಲವೆಂಬ ಯಾಜ್ಞವಲ್ಕ್ಯನ ನ್ಯಾಯವು ಇಲ್ಲಿಯೂ ಸ್ವೀಕೃತವಾಗಿದೆ. ಗ್ರಾಮದ ಪ್ರಕಾಶನಕ್ಕೆ ಬದಲಾಗಿ ಉಪನೋಂದಣಾಧಿಕಾರಿಯ ಪುಸ್ತಕವೂ ಋಣಭಾರ ಪತ್ರವೂ, ಸಾಮಂತರ ಅನುಮತಿಗೆ ಬದಲಾಗಿ ಸರ್ವೆ ನಕ್ಷೆಯೂ, ಭೋಗದ ಸಾಕ್ಷ್ಯಕ್ಕೆ ಬದಲಾಗಿ ಪಹಣಿಯೂ ಬಂದಿವೆ. ಕೃಷಿಭೂಮಿಯಲ್ಲಿ ಮನೆ ಕಟ್ಟಬೇಕಾದರೆ ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ೯೫ನೆಯ ಪ್ರಕರಣದ ಪ್ರಕಾರ ಭೂಪರಿವರ್ತನೆಯಾಗಿದೆಯೇ ಎಂದು ನೋಡಬೇಕು.

ದಾಯಾದರ ಅನುಮತಿಯೊಂದು ಮಾತ್ರ ಹಳೆಯ ರೂಪದಲ್ಲಿಯೇ ಉಳಿದು, ಮತ್ತಷ್ಟು ವಿಸ್ತಾರವಾಗಿದೆ. ೧೯೯೪ರ ಕರ್ನಾಟಕದ ತಿದ್ದುಪಡಿಯಿಂದಲೂ ೨೦೦೫ರ ಕೇಂದ್ರದ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳು ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಜನ್ಮತಃ ಭಾಗಿಗಳಾದರು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕು ತಂದೆಯು ಆ ದಿನ ಬದುಕಿದ್ದನೇ ಎಂಬುದನ್ನು ಅವಲಂಬಿಸಿಲ್ಲವೆಂದು ನಿರ್ಣಯಿಸಿತು. ಆದುದರಿಂದ ಮದುವೆಯಾಗಿ ಬೇರೆ ಊರಿಗೆ ಹೋದ ಮಗಳ ಸಹಿಯಿಲ್ಲದ ಪಿತ್ರಾರ್ಜಿತ ಮನೆಯ ಕ್ರಯವು ಸಂಶಯಗ್ರಸ್ತವೇ ಸರಿ. ಶಾಸನಗಳು ಸ್ತ್ರೀಯರ ಅನುಮತಿಯನ್ನು ಮೊದಲು ಬರೆದದ್ದು ಈಗ ಸಾರ್ಥಕವಾದಂತಾಗಿದೆ.

ಮಾರುವವನ ಹಕ್ಕಿನಂತೆಯೇ ಕೊಳ್ಳುವವನ ಅರ್ಹತೆಯೂ ವಿಚಾರಣೀಯ. ತೆರಿಗೆ ಕೊಡುವವರು ತೆರಿಗೆ ಕೊಡುವವರಿಗೆ ಮಾತ್ರ ಮಾರಬೇಕು, ಬ್ರಹ್ಮದೇಯವುಳ್ಳವರು ಅಂಥವರಿಗೇ ಮಾರಬೇಕು ಎಂದು ಕೌಟಿಲ್ಯನು ನಿಯಮಿಸಿದ್ದನು. ೧೯೬೧ರ ಕರ್ನಾಟಕ ಭೂಸುಧಾರಣಾ ಕಾಯಿದೆಯ ೭೯ಎ, ೭೯ಬಿ ಪ್ರಕರಣಗಳು ಕೃಷಿಕನಲ್ಲದವನಿಗೆ ಕೃಷಿಭೂಮಿಯ ಕ್ರಯವನ್ನು ನಿರ್ಬಂಧಿಸಿದ್ದುದು ಇದೇ ಭಾವದ ಮತ್ತೊಂದು ರೂಪ. ೨೦೨೦ರ ತಿದ್ದುಪಡಿಯು ಆ ನಿರ್ಬಂಧವನ್ನು ತೆಗೆದುಹಾಕಿತು. ಆದರೆ ವಿದೇಶದಲ್ಲಿ ನೆಲೆಸಿದ ಭಾರತೀಯರಿಗೂ ಭಾರತೀಯ ಮೂಲದ ವಿದೇಶೀ ಪ್ರಜೆಗಳಿಗೂ ೧೯೯೯ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆಯ ಕೆಳಗಿನ ನಿಯಮಗಳು ಕೃಷಿಭೂಮಿ, ತೋಟ, ತೋಟದ ಮನೆ ಇವುಗಳ ಕ್ರಯವನ್ನು ನಿಷೇಧಿಸುತ್ತವೆ. ಪಿತ್ರಾರ್ಜಿತವಾಗಿ ಪಡೆಯಬಹುದೇ ಹೊರತು ಹಣಕೊಟ್ಟು ಕೊಳ್ಳಲಾಗದು. ಗ್ರೀನನಿಗೆ ೧೮೪೩ರಲ್ಲಿ ಸುಲಭವಾಗಿದ್ದ ಕಾರ್ಯವು ಈಗ ಮಂಜರಾಬಾದಿನಲ್ಲಿಯೇ ಹುಟ್ಟಿ ಪರದೇಶದಲ್ಲಿ ನೆಲೆಸಿದವನಿಗೆ ದುಸ್ಸಾಧ್ಯ.

ಕನ್ನಡಿಗನು ಪರದೇಶದಲ್ಲಿ ಮನೆ ಕೊಳ್ಳುವಾಗ ಪ್ರಮಾಣದ ಸ್ವರೂಪವೇ ಬೇರೆಯಾಗಬಹುದು. ದಕ್ಷಿಣ ಆಸ್ಟ್ರೇಲಿಯದಲ್ಲಿ ೧೮೫೮ರಲ್ಲಿ ಆರಂಭವಾದ ಟಾರೆನ್ಸ್ ಪದ್ಧತಿಯಲ್ಲಿ ಸರ್ಕಾರದ ಪುಸ್ತಕವೇ ಸ್ವಾಮ್ಯವನ್ನು ನಿಶ್ಚಯಿಸುತ್ತದೆ. ಭಾರತದ ನೋಂದಣಿಯು ಪತ್ರದ ನೋಂದಣಿಯೇ ಹೊರತು ಸ್ವಾಮ್ಯದ ನೋಂದಣಿಯಲ್ಲ; ಮಾರುವವನು ಪತ್ರ ಬರೆದುಕೊಟ್ಟನೆಂಬುದಕ್ಕೆ ಅದು ಸಾಕ್ಷಿ, ಅವನು ಒಡೆಯನೆಂಬುದಕ್ಕಲ್ಲ. ಸ್ವದೇಶದಲ್ಲಿ ವಾಸಿಸುವವನು ರಿಸರ್ವ್ ಬ್ಯಾಂಕಿನ ಉದಾರ ರವಾನೆ ಯೋಜನೆಯಡಿ ವರ್ಷಕ್ಕೆ ೨,೫೦,೦೦೦ ಡಾಲರುಗಳವರೆಗೆ ಹೊರಗೆ ಕಳುಹಿಸಿ ಮನೆ ಕೊಳ್ಳಲು ಅವಕಾಶವಿದೆ. ಆದರೆ ಆ ದೇಶದಲ್ಲಿ ಪುಸ್ತಕವು ಯಾವುದನ್ನು ಸಾಕ್ಷೀಕರಿಸುತ್ತದೆಂಬುದನ್ನು ಮೊದಲು ತಿಳಿಯದವನು ಕೇಳಬೇಕಾದ ಪ್ರಶ್ನೆಯನ್ನೇ ಅರಿಯದವನಾಗುವನು.

೬. ಉಪಸಂಹಾರ

ಮೇಲಿನ ವಿಚಾರದಿಂದ, ಕ್ರಯಶುದ್ಧಿಯ ಪ್ರಶ್ನೆಗಳು ಬಹುಮಟ್ಟಿಗೆ ಸ್ಥಿರವೆಂದೂ, ಉತ್ತರ ಕೊಡುವವರು ಮಾತ್ರ ಬದಲಾದರೆಂದೂ ತಿಳಿದುಬರುತ್ತದೆ. ಕಾಗದವು ಪರಸ್ಥಳದವನಿಗೆ ಹಿಂದೆಂದೂ ಇಲ್ಲದ ಸೌಕರ್ಯವನ್ನು ತಂದಿತು. ಊರವರ ಕೃಪೆಯನ್ನು ಕಾಯದೆ ಅವನು ತನಗೆ ಬೇಕಾದುದನ್ನು ತಿಳಿಯಬಲ್ಲನು. ಹಳೆಯ ಗ್ರಾಮಸಾಕ್ಷ್ಯವನ್ನು ಸರ್ವಥಾ ಹೊಗಳುವುದೂ ಉಚಿತವಲ್ಲ. ಅದು ಬಲ್ಲಿದರ ಮಾತಿಗೆ ಒಲಿಯುತ್ತಿದ್ದುದೂ ಉಂಟು. ಆದರೆ ಕಾಗದಕ್ಕೆ ತನಗೆ ಹೇಳಿದುದು ಮಾತ್ರ ಗೊತ್ತು. ಹೇಳಿಸಲು ಶಕ್ತಿಯಿಲ್ಲದವರ ಹಕ್ಕು ಅದರಲ್ಲಿ ಸೇರುವುದಿಲ್ಲ.

ಈ ದೋಷಕ್ಕೆ ಒಂದು ಪ್ರಾಯಶ್ಚಿತ್ತವೆಂಬಂತೆ ೧೯೭೮ರಲ್ಲಿ ಕರ್ನಾಟಕವು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನುಗಳ ಪರಭಾರೆಯನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಮಂಜೂರಾತಿಯ ಷರತ್ತನ್ನು ಮೀರಿ ನಡೆದ ಕ್ರಯವು ಅಸಿಂಧು. ಎಷ್ಟು ಕೈಗಳನ್ನು ದಾಟಿ ಬಂದಿದ್ದರೂ, ಕೊಂಡವನು ಪೂರ್ಣ ಬೆಲೆಯನ್ನು ತೆತ್ತಿದ್ದರೂ, ಭೂಮಿಯು ಮೂಲದವನಿಗೆ ಮರಳತಕ್ಕದ್ದು. ೧೯೮೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾಯಿದೆಯನ್ನು ಎತ್ತಿಹಿಡಿಯಿತು. ೨೦೨೩ರ ತಿದ್ದುಪಡಿಯು ಮರಳಿ ಕೇಳುವುದಕ್ಕೆ ಕಾಲಮಿತಿಯಿಲ್ಲವೆಂದು ಸಾರಿತು. ಆದುದರಿಂದ ಇಂದು ಸಕಲೇಶಪುರ, ಆಲೂರಿನ ಮಲೆಗಳಲ್ಲಿ ಮನೆಯನ್ನೋ ತೋಟವನ್ನೋ ಕೊಳ್ಳಬಯಸುವ ಪರಸ್ಥಳದವನು ಪಹಣಿ, ನಕ್ಷೆ, ಋಣಭಾರ ಪತ್ರಗಳೊಡನೆ ಮೂಲ ಮಂಜೂರಾತಿಯು ಯಾರ ಹೆಸರಿನಲ್ಲಿತ್ತೆಂಬುದನ್ನು ಶೋಧಿಸದೆ ಮುಂದುವರಿಯುವುದು ತರವಲ್ಲ. ಒಂದಾನೊಂದು ಕಾಲದಲ್ಲಿ ಮಣ್ಣಿನ ಉಂಡೆಯನ್ನು ಹೊತ್ತು ಇತರರ ಎಲ್ಲೆಗಳನ್ನು ತೋರಿಸಿದವರ ಸಂತತಿಗೆ ತಮ್ಮದೇ ಆದ ನೆಲವು ಕಡೆಗೆ ದೊರೆತಿದೆ. ಆ ನೆಲದ ಎಲ್ಲೆಯನ್ನು ಅರಿತು ನಡೆಯುವುದು ಕೊಳ್ಳುವವನಿಗೆ ಕ್ಷೇಮವೂ ಹೌದು, ಧರ್ಮವೂ ಹೌದು.